ಎಕ್ಸ್-ರೇ ಟ್ಯೂಬಿನ ಸ್ಪೆಕ್ಟ್ರಮ್: ಅಲ್ಯೂಮಿನಿಯಂ ತಗಡು ಹೇಳುವುದೆಷ್ಟು, ನಾವು ಸೇರಿಸುವುದೆಷ್ಟು

ಎಕ್ಸ್-ರೇ ಯಂತ್ರದ ಕನ್ಸೋಲಿನಲ್ಲಿ 80 ಕೆವಿ (ಕಿಲೋವೋಲ್ಟ್, ಟ್ಯೂಬಿನ ವೋಲ್ಟೇಜು) ಇಟ್ಟು ಎಕ್ಸ್‌ಪೋಶರ್ ಕೊಟ್ಟಾಗ ಟ್ಯೂಬಿನಿಂದ ಹೊರಡುವ ಫೋಟಾನುಗಳಲ್ಲಿ 80 ಕೆಇವಿ (ಕಿಲೋಎಲೆಕ್ಟ್ರಾನ್-ವೋಲ್ಟ್, ಫೋಟಾನಿನ ಶಕ್ತಿಯ ಅಳತೆ) ಶಕ್ತಿಯವು ಇಲ್ಲವೆನ್ನುವಷ್ಟು ಕಡಿಮೆ. ಆ ಅಂಕಿ ಮೇಲಿನ ಗಡಿಯನ್ನಷ್ಟೇ ಹೇಳುತ್ತದೆ. ಗಡಿಯ ಕೆಳಗೆ ಯಾವ ಶಕ್ತಿಯ ಫೋಟಾನು ಎಷ್ಟಿದೆ ಎಂಬ ಹಂಚಿಕೆಯೇ ಸ್ಪೆಕ್ಟ್ರಮ್, ಪಠ್ಯಪುಸ್ತಕದ ಮಾತಿನಲ್ಲಿ ರೋಹಿತ. ಸಿಟಿ ಚಿತ್ರದಲ್ಲಿ ಬೀಮ್ ಹಾರ್ಡನಿಂಗ್ (ದೇಹ ದಾಟುವಾಗ ಕಡಿಮೆ ಶಕ್ತಿಯ ಫೋಟಾನುಗಳೇ ಹೆಚ್ಚು ಕಳೆದು ಕಿರಣ ಗಡುಸಾಗುವುದು) ಸರಿಪಡಿಸಬೇಕೆ, ಎರಡು ಕೆವಿಗಳಲ್ಲಿ ಚಿತ್ರ ತೆಗೆದು ಮೂಳೆಯನ್ನೂ ಅಯೋಡಿನನ್ನೂ ಬೇರ್ಪಡಿಸಬೇಕೆ, ಮಾಂಟೆ ಕಾರ್ಲೊ ಎಂಬ ಯಾದೃಚ್ಛಿಕ ಸಿಮ್ಯುಲೇಶನ್ ಲೆಕ್ಕದಿಂದ ರೋಗಿಗೆ ಬಿದ್ದ ಡೋಸ್ ಅಂದಾಜಿಸಬೇಕೆ, ಎಲ್ಲದಕ್ಕೂ ಬೇಕಾಗುವುದು ಈ ಹಂಚಿಕೆ. ಕ್ವಾಲಿಟಿ ಅಶ್ಯೂರೆನ್ಸ್ ವರದಿಯಲ್ಲಿ ಸಿಗುವುದು ಮಾತ್ರ ಅರ್ಧಮೌಲ್ಯ ದಪ್ಪ, ಅಂದರೆ ಎಚ್‌ವಿಎಲ್, ಕಿರಣವನ್ನು ಅರ್ಧಕ್ಕಿಳಿಸುವ ಅಲ್ಯೂಮಿನಿಯಂ ದಪ್ಪ, ಎಂಬ ಒಂದೇ ಅಂಕಿ. ಆ ಅಂಕಿ ಒಂದೇ ಆಗಿದ್ದೂ ಸ್ಪೆಕ್ಟ್ರಮ್ ಬೇರೆಬೇರೆ ಇರುವ ಬೀಮುಗಳನ್ನು ಎಷ್ಟು ಬೇಕಾದರೂ ಕಟ್ಟಬಹುದು.

ಹಾಗಾದರೆ ಸ್ಪೆಕ್ಟ್ರಮನ್ನೇ ನೇರವಾಗಿ ಅಳೆಯಬಾರದೇಕೆ? ಅಳೆಯಬಹುದು, ಆದರೆ ಬಲು ಕಷ್ಟ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಹೆಚ್ಚಿನ ಕಡೆ ನಡೆಯುವುದು ಬೇರೆ ದಾರಿ. ಬೀಮಿಗೆ ಅಡ್ಡಲಾಗಿ ಬೇರೆಬೇರೆ ದಪ್ಪದ ಅಲ್ಯೂಮಿನಿಯಂ ಇಟ್ಟು, ಎಷ್ಟು ಭಾಗ ದಾಟಿತು ಎಂದು ಅಳೆದು, ಆ ಅಂಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಸ್ಪೆಕ್ಟ್ರಮ್ ಕಂಡುಹಿಡಿಯುವುದು. ಸಿಲ್ಬರ್‌ಸ್ಟೈನ್ ಇದನ್ನು 1932ರಲ್ಲೇ ಗಣಿತದ ಪ್ರಶ್ನೆಯಾಗಿ ಮುಂದಿಟ್ಟಿದ್ದರು. ವಿಧಾನ ಸರಳ, ಸಲಕರಣೆ ಅಗ್ಗ. ಅದರೊಳಗೊಂದು ಗುಂಡಿಯಿದೆ, ಅದನ್ನು ಅರಿಯದೆ ಬರೆದ ಸ್ಪೆಕ್ಟ್ರಮ್ ನೋಡಲು ಚೆನ್ನಾಗಿದ್ದರೂ ನಂಬಲು ಬಾರದು. ಈ ಬರಹದ ಬಹುಪಾಲು ಆ ಗುಂಡಿಯ ಬಗ್ಗೆಯೇ.

ಮೊದಲು ಟ್ಯೂಬಿನ ಒಳಗೆ ನಡೆಯುವುದನ್ನು ಚುಟುಕಾಗಿ ನೋಡೋಣ. ಎಲೆಕ್ಟ್ರಾನು ಟಂಗ್‌ಸ್ಟನ್ ಆನೋಡಿಗೆ ಬಡಿದು ವೇಗ ಕಳೆದುಕೊಳ್ಳುವಾಗ ಎಲ್ಲ ಶಕ್ತಿಗಳ ಫೋಟಾನುಗಳೂ ಹುಟ್ಟುತ್ತವೆ. ಕ್ರಾಮರ್ಸ್ 1923ರಲ್ಲಿ ಕೊಟ್ಟ ಸೂತ್ರದಂತೆ, ದಪ್ಪ ಆನೋಡಿನಲ್ಲಿ ಶಕ್ತಿ ಕಡಿಮೆಯಾದಷ್ಟೂ ಫೋಟಾನುಗಳ ಸಂಖ್ಯೆ ಏರುತ್ತದೆ, ಮೇಲಿನ ಗಡಿಯಲ್ಲಿ ಸೊನ್ನೆ ಮುಟ್ಟುತ್ತದೆ. ಆದರೆ ಆನೋಡಿನ ಲೋಹ, ಟ್ಯೂಬಿನ ಗಾಜು, ಎಣ್ಣೆ, ಕೊನೆಗೆ ನಾವಿಟ್ಟ ಫಿಲ್ಟರ್ ಇವೆಲ್ಲ ಸೇರಿ ಕಡಿಮೆ ಶಕ್ತಿಯವನ್ನು ತಿಂದುಬಿಡುತ್ತವೆ. ಒಟ್ಟು ಫಿಲ್ಟರೇಶನ್ 2.5 ಮಿಮೀ ಅಲ್ಯೂಮಿನಿಯಮ್ಮಿಗೆ ಸಮವಾಗಿದ್ದರೆ 15 ಕೆಇವಿ ಫೋಟಾನುಗಳಲ್ಲಿ ಸಾವಿರಕ್ಕೆ ಐದೂ ದಾಟುವುದಿಲ್ಲ, 20 ಕೆಇವಿಯವು ನೂರಕ್ಕೆ ಹತ್ತರಷ್ಟು ದಾಟುತ್ತವೆ. ಹೀಗೆ ಎಡಗಡೆ ಕುಸಿದು, ನಡುವೆ ಉಬ್ಬಿ, ಬಲಕ್ಕೆ ಇಳಿಯುವ ಗುಡ್ಡದ ಆಕಾರ ಬರುತ್ತದೆ. ಅದರ ಮೇಲೆ ಟಂಗ್‌ಸ್ಟನ್ನಿನ ಲಕ್ಷಣ ರೇಖೆಗಳು (ಆ ಲೋಹಕ್ಕೇ ವಿಶಿಷ್ಟವಾದ ನಿಗದಿತ ಶಕ್ತಿಗಳು) ಮುಳ್ಳಿನಂತೆ ಎದ್ದಿರುತ್ತವೆ: 58.0 ಮತ್ತು 59.3 ಕೆಇವಿಯಲ್ಲಿ ದೊಡ್ಡ ಜೋಡಿ, 67ರಿಂದ 69ರ ನಡುವೆ ಚಿಕ್ಕ ಗುಂಪು. ಟಂಗ್‌ಸ್ಟನ್ನಿನ ಕೆ-ಅಂಚು (ಪರಮಾಣುವಿನ ಅತಿ ಒಳಗಿನ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) 69.5 ಕೆಇವಿ, ಆದ್ದರಿಂದ ಕೆವಿ ಅದಕ್ಕಿಂತ ಕಡಿಮೆಯಿದ್ದರೆ ಈ ಮುಳ್ಳುಗಳು ಇರುವುದೇ ಇಲ್ಲ. 80 ಕೆವಿಯಲ್ಲಿ ಸಣ್ಣದಾಗಿ ಕಾಣುತ್ತವೆ, 120ರಲ್ಲಿ ಎದ್ದು ಕಾಣುತ್ತವೆ. ಮ್ಯಾಮೊಗ್ರಫಿಯ ಮಾಲಿಬ್ಡಿನಮ್ ಆನೋಡಿನಲ್ಲಿ ಇದೇ ಮುಳ್ಳುಗಳು 17.5 ಮತ್ತು 19.6 ಕೆಇವಿಯಲ್ಲಿರುತ್ತವೆ, ಅಲ್ಲಿ ಸ್ಪೆಕ್ಟ್ರಮ್ಮಿನಲ್ಲಿ ಅವುಗಳ ಪಾಲು ದೊಡ್ಡದು.

ಇಷ್ಟು ಗೊತ್ತಿದ್ದ ಮೇಲೆ ಅಳೆಯುವುದು ಯಾಕೆ, ಕೆವಿ, ಆನೋಡ್ ಕೋನ, ಫಿಲ್ಟರ್ ದಪ್ಪ ಕೊಟ್ಟು ಸ್ಪೆಕ್‌ಪೈ ಅಥವಾ ಟ್ಯಾಸ್ಮಿಪ್‌ನಂಥ ಕಂಪ್ಯೂಟರ್ ಮಾದರಿಯಿಂದ ಸ್ಪೆಕ್ಟ್ರಮ್ ತೆಗೆದುಕೊಂಡರೆ ಸಾಲದೆ ಎಂದು ಕೇಳಬಹುದು. ಹೊಸ ಟ್ಯೂಬಾದರೆ ಎಷ್ಟೋ ಸಲ ಸಾಕು. ಆದರೆ ಕೆಲಸ ಮಾಡಿ ಹಳತಾದ ಆನೋಡಿನ ಮೇಲ್ಮೈ ಒರಟಾಗಿರುತ್ತದೆ, ಬಿರುಕುಗಳ ಆಳದಲ್ಲಿ ಹುಟ್ಟಿದ ಕಿರಣ ಹೆಚ್ಚು ಟಂಗ್‌ಸ್ಟನ್ ದಾಟಿ ಬರಬೇಕು. ಆವಿಯಾದ ಟಂಗ್‌ಸ್ಟನ್ ಗಾಜಿನ ಒಳಗೋಡೆಗೆ ತೆಳುವಾಗಿ ಮೆತ್ತಿಕೊಂಡಿರುತ್ತದೆ. ಕನ್ಸೋಲ್ ತೋರಿಸುವ ಕೆವಿಗೂ ನಿಜವಾದ ಕೆವಿಗೂ ಎರಡು ಮೂರರ ಅಂತರ ಅಪರೂಪವಲ್ಲ. ಸಿಂಗಲ್ ಫೇಸ್ ಜನರೇಟರಿನ ಹಳೆಯ ಪೋರ್ಟಬಲ್ ಯಂತ್ರವಾದರಂತೂ ವೋಲ್ಟೇಜು ಪ್ರತಿ ಅರ್ಧ ಆವರ್ತನದಲ್ಲಿ ಸೊನ್ನೆಯಿಂದ ಶಿಖರಕ್ಕೆ ಏರಿ ಇಳಿಯುತ್ತದೆ. ಹೊರಬರುವುದು ಬೇರೆಬೇರೆ ಕೆವಿಗಳ ಸ್ಪೆಕ್ಟ್ರಮುಗಳ ಮಿಶ್ರಣ. ಸ್ಥಿರ ವೋಲ್ಟೇಜಿನ ಮಾದರಿ ಅದಕ್ಕೆ ಹೊಂದುವುದಿಲ್ಲ, ನಿಜವಾದದ್ದು ಅದಕ್ಕಿಂತ ಮೆದುವಾಗಿರುತ್ತದೆ. ಇನ್ನು ಹೀಲ್ ಎಫೆಕ್ಟ್: ಒಂದೇ ಬೀಮಿನಲ್ಲಿ ಆನೋಡ್ ಕಡೆಯ ಸ್ಪೆಕ್ಟ್ರಮ್ ಕ್ಯಾಥೋಡ್ ಕಡೆಯದಕ್ಕಿಂತ ಗಡುಸು. ಆದ್ದರಿಂದ ಬೀಮಿನ ಯಾವ ಜಾಗದಲ್ಲಿ ಅಳೆದಿರಿ ಎನ್ನುವುದನ್ನೂ ಬರೆದಿಡಬೇಕು.

ಈಗ ಲೆಕ್ಕದ ಮೂಲ. ಶಕ್ತಿಯ ಅಕ್ಷವನ್ನು 1 ಕೆಇವಿ ಅಗಲದ ಪೆಟ್ಟಿಗೆಗಳಾಗಿ ಭಾಗ ಮಾಡಿಕೊಳ್ಳಿ. ಪ್ರತಿ ಪೆಟ್ಟಿಗೆಯ ಫೋಟಾನುಗಳು ಅಲ್ಯೂಮಿನಿಯಮ್ಮಿನಲ್ಲಿ ತಮ್ಮದೇ ದರದಲ್ಲಿ ಘಾತೀಯವಾಗಿ ಕ್ಷೀಣಿಸುತ್ತವೆ. ಒಟ್ಟು ಅಳತೆ ಎಂದರೆ ಆ ಎಲ್ಲ ಘಾತೀಯ ಇಳಿಕೆಗಳ ಮೊತ್ತ, ಪ್ರತಿಯೊಂದಕ್ಕೂ ಸ್ಪೆಕ್ಟ್ರಮ್ಮಿನ ತೂಕ ಮತ್ತು ಡಿಟೆಕ್ಟರಿನ ಸ್ಪಂದನೆ ಗುಣಿಸಿ. ದಪ್ಪ ಬದಲಾಯಿಸಿದಾಗ ಮೊತ್ತ ಹೇಗೆ ಇಳಿಯುತ್ತದೆ ಎನ್ನುವ ಗೆರೆಯಿಂದ ಆ ತೂಕಗಳನ್ನು ಹೊರಗೆಳೆಯಬೇಕು.

ಅಲ್ಯೂಮಿನಿಯಂ ತಗಡು ಜರಡಿಯಲ್ಲ, ಗುಂಡಿ ಇರುವುದು ಅಲ್ಲೇ. ಜರಡಿಯಾದರೆ ಇಷ್ಟು ಗಾತ್ರದ ಕಾಳು ನಿಲ್ಲುತ್ತದೆ, ಅದಕ್ಕಿಂತ ಸಣ್ಣದು ಬೀಳುತ್ತದೆ. ಲೋಹದ ತಗಡು ಎಲ್ಲ ಶಕ್ತಿಯವನ್ನೂ ಸ್ವಲ್ಪ ಸ್ವಲ್ಪ ತಡೆಯುತ್ತದೆ, ಕಡಿಮೆಯದನ್ನು ಹೆಚ್ಚಾಗಿ, ಹೆಚ್ಚಿನದನ್ನು ಕಡಿಮೆಯಾಗಿ. ಎರಡು ಘಾತೀಯ ಇಳಿಕೆಗಳ ಮೊತ್ತವೂ ಬೇರೆ ಮೂರರ ಮೊತ್ತವೂ ಕಣ್ಣಿಗೆ ಒಂದೇ ಗೆರೆಯಂತೆ ಕಾಣುತ್ತವೆ. ನೀವೇ ಕ್ಯಾಲ್ಕ್ಯುಲೇಟರಿನಲ್ಲಿ ಪರೀಕ್ಷಿಸಬಹುದಾದ ಉದಾಹರಣೆ ಕೊಡುತ್ತೇನೆ. ಒಂದು ಕಾಲ್ಪನಿಕ ಬೀಮಿನಲ್ಲಿ ಡಿಟೆಕ್ಟರ್ ಸಂಕೇತದ ಅರ್ಧ 40 ಕೆಇವಿಯಿಂದ, ಅರ್ಧ 80 ಕೆಇವಿಯಿಂದ ಬರುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ 30 ಕೆಇವಿಯಿಂದ ಶೇ 13, 50ರಿಂದ ಶೇ 58.5, 100ರಿಂದ ಶೇ 28.5. ಎರಡರಲ್ಲಿ ಒಂದು ಶಕ್ತಿಯೂ ಸಮಾನವಾಗಿಲ್ಲ. 10 ಮಿಮೀ ಅಲ್ಯೂಮಿನಿಯಮ್ಮಿನ ಆಚೆ ಮೊದಲನೆಯದರಲ್ಲಿ ಉಳಿಯುವುದು ಶೇ 39.8, ಎರಡನೆಯದರಲ್ಲಿ ಶೇ 40.3. 20 ಮಿಮೀಗೆ ಶೇ 19.1 ಮತ್ತು ಶೇ 19.4. 30 ಮಿಮೀಗೆ ಶೇ 10.3 ಮತ್ತು ಶೇ 10.1. 2 ಮಿಮೀ, 5 ಮಿಮೀಗಳಲ್ಲಿ ಅಂತರ ಶೇ 1ಕ್ಕಿಂತ ಕಡಿಮೆ. ಸೊನ್ನೆಯಿಂದ 30 ಮಿಮೀವರೆಗೆ ಎಲ್ಲಿ ಅಳೆದರೂ ಎರಡರ ನಡುವೆ ಶೇ 2ಕ್ಕಿಂತ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ. ಟ್ಯೂಬಿನ ಔಟ್‌ಪುಟ್ ಒಂದು ಎಕ್ಸ್‌ಪೋಶರಿನಿಂದ ಇನ್ನೊಂದಕ್ಕೆ ಶೇ 1 ಅಲ್ಲಾಡುತ್ತಿದ್ದು, ಅದನ್ನು ನೀವು ಸರಿಪಡಿಸದಿದ್ದರೆ, ಈ ಎರಡು ಬೀಮುಗಳನ್ನು ಬೇರ್ಪಡಿಸುವುದು ಆಗದ ಮಾತು.

ಅದೇ ಎರಡು ಬೀಮುಗಳ ಮುಂದೆ 1 ಮಿಮೀ ತಾಮ್ರ ಇಡಿ. ಮೊದಲನೆಯದರಲ್ಲಿ ಶೇ 25.9 ದಾಟುತ್ತದೆ, ಎರಡನೆಯದರಲ್ಲಿ ಶೇ 24.5. ಅಂತರ ಶೇ 5ಕ್ಕೂ ಹೆಚ್ಚು. 60 ಕೆಇವಿಯಲ್ಲಿ 1 ಮಿಮೀ ತಾಮ್ರವೂ 20 ಮಿಮೀ ಅಲ್ಯೂಮಿನಿಯಮ್ಮೂ ಹೆಚ್ಚುಕಡಿಮೆ ಸಮ: ಒಂದರಿಂದ ಶೇ 24, ಇನ್ನೊಂದರಿಂದ ಶೇ 22 ದಾಟುತ್ತದೆ. ಆದರೆ 100 ಕೆಇವಿಯಲ್ಲಿ ತಾಮ್ರದಿಂದ ಶೇ 66, ಅಲ್ಯೂಮಿನಿಯಮ್ಮಿನಿಂದ ಶೇ 40. ಹಾಗಾಗಿ ನನ್ನ ಮಟ್ಟಿಗೆ ಅಲ್ಯೂಮಿನಿಯಂ ಒಂದನ್ನೇ ಬಳಸಿದ ಅಳತೆ ಅರ್ಧ ಅಳತೆ. ನಾಲ್ಕು ತಾಮ್ರದ ತಗಡು ಸೇರಿಸಿದರೆ ಸ್ಪೆಕ್ಟ್ರಮ್ಮಿನ ಬಲಬದಿ ಎಷ್ಟೋ ಗಟ್ಟಿಯಾಗುತ್ತದೆ.

ಇಷ್ಟಾದರೂ ಅಳತೆ ಕೊಡುವ ಮಾಹಿತಿ ಎಷ್ಟು ಎಂದು ಎಣಿಸಿ ನೋಡಿ. ಫಿಲ್ಟರುಗಳ ಸಾಲು, ಶಕ್ತಿಗಳ ಕಾಲಂ ಇರುವ ಮ್ಯಾಟ್ರಿಕ್ಸಿನ ಸಿಂಗ್ಯುಲರ್ ಮೌಲ್ಯಗಳನ್ನು (ಒಂದೊಂದು ಸ್ವತಂತ್ರ ಸಂಗತಿ ಅಳತೆಯಲ್ಲಿ ಎಷ್ಟು ಬಲವಾಗಿ ಕಾಣುತ್ತದೆ ಎಂಬ ಅಂಕಿಗಳು) ತೆಗೆದರೆ ಪ್ರತಿಯೊಂದೂ ಹಿಂದಿನದಕ್ಕಿಂತ ಹಲವು ಪಟ್ಟು ಚಿಕ್ಕದಾಗುತ್ತ ಹೋಗುತ್ತದೆ. ಅಳತೆಯಲ್ಲಿ ಶೇ 1 ಗದ್ದಲವಿದ್ದರೆ ಅದರ ಮೇಲೆ ತಲೆ ಎತ್ತುವುದು ಮೂರೋ ನಾಲ್ಕೋ ಮೌಲ್ಯಗಳು. ಮೂವತ್ತು ಫಿಲ್ಟರ್ ಇಟ್ಟರೂ ಅಳತೆ ಸ್ಪೆಕ್ಟ್ರಮ್ಮಿನ ಬಗ್ಗೆ ಹೇಳುವುದು ಮೂರು ನಾಲ್ಕು ಸಂಗತಿ: ಎಲ್ಲಿ ಕೇಂದ್ರವಿದೆ, ಎಷ್ಟು ಅಗಲವಿದೆ, ಯಾವ ಕಡೆ ವಾಲಿದೆ. ಅರುವತ್ತು ಪೆಟ್ಟಿಗೆಗಳ ಎತ್ತರ ಅದರಿಂದ ಬರುವುದಿಲ್ಲ. ನೇರವಾಗಿ ಮ್ಯಾಟ್ರಿಕ್ಸನ್ನು ತಿರುಗಿಸಿದರೆ ಒಂದು ಪೆಟ್ಟಿಗೆ ಬೆಟ್ಟ, ಪಕ್ಕದ್ದು ಋಣ ಸಂಖ್ಯೆ ಎನ್ನುವ ಹುಚ್ಚು ಗೆರೆ ಬರುವುದು ಇದರಿಂದಲೇ. ಉಳಿದ ಸಂಗತಿಗಳನ್ನು ಭೌತಶಾಸ್ತ್ರ ಒದಗಿಸಬೇಕು. ಯಾವುದು ಅಳತೆಯಿಂದ ಬಂತು, ಯಾವುದು ನಾವು ಸೇರಿಸಿದ್ದು ಎನ್ನುವುದು ಕೆಲಸ ಮಾಡುವವರ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು.

ಈಗ ಅಳತೆ. ಇಲ್ಲಿ ಕೆಡುವುದೇ ಹೆಚ್ಚು, ಅದಕ್ಕೆ ಸಾವಧಾನವಾಗಿ ಹೇಳುತ್ತೇನೆ.

ಟ್ಯೂಬಿನ ಫೋಕಸ್ಸಿನಿಂದ (ಕಿರಣ ಹುಟ್ಟುವ ಬಿಂದು) ಅಯಾನ್ ಚೇಂಬರಿಗೆ, ಅಂದರೆ ಕಿರಣ ಅಳೆಯುವ ಡಿಟೆಕ್ಟರಿಗೆ, ಕನಿಷ್ಠ 1 ಮೀಟರ್ ಇರಲಿ. ಫಿಲ್ಟರುಗಳು ನಡುಮಧ್ಯೆ, ಅಂದರೆ 50 ಸೆಂಮೀ ಆಸುಪಾಸಿನಲ್ಲಿರಲಿ. ಕಾಲಿಮೇಟರ್ ಮುಚ್ಚಿ ಬೀಮನ್ನು ಚೇಂಬರನ್ನು ಪೂರ್ತಿ ಆವರಿಸುವಷ್ಟಕ್ಕೆ ಕಿರಿದಾಗಿಸಿ. ಚೇಂಬರಿನ ಹಿಂದೆ ಗೋಡೆ, ಮೇಜು ಹತ್ತಿರವಿರಬಾರದು. ಇದೆಲ್ಲ ಚದುರಿದ ಕಿರಣವನ್ನು ದೂರವಿಡಲು. ಫಿಲ್ಟರನ್ನು ಚೇಂಬರಿಗೆ ಅಂಟಿಸಿ ಇಟ್ಟರೆ ಅದರಲ್ಲಿ ಚದುರಿದ ಫೋಟಾನುಗಳೂ ಎಣಿಕೆಗೆ ಸೇರುತ್ತವೆ. ತೆಳು ಫಿಲ್ಟರಿನಲ್ಲಿ ಇದು ಗೊತ್ತಾಗುವುದಿಲ್ಲ. ನಿಜವಾದ ದಾಟುವಿಕೆ ಶೇ 5 ಇರುವ ದಪ್ಪ ಫಿಲ್ಟರಿನಲ್ಲಿ ತೆರೆದ ಬೀಮಿನ ಶೇ 0.5ರಷ್ಟು ಚದುರಿದ ಕಿರಣ ಸೇರಿದರೆ ಅಳತೆ ಹತ್ತಕ್ಕೆ ಒಂದರಷ್ಟು ತಪ್ಪು. ಲೆಕ್ಕದಲ್ಲಿ ಅದು ಹೆಚ್ಚು ಶಕ್ತಿಯ ಫೋಟಾನುಗಳಂತೆ ವೇಷ ಹಾಕಿಕೊಂಡು ಬರುತ್ತದೆ, ಸ್ಪೆಕ್ಟ್ರಮ್ಮಿನ ಬಲತುದಿ ಊದಿಕೊಳ್ಳುತ್ತದೆ.

80 ಕೆವಿಗೆ ಅಲ್ಯೂಮಿನಿಯಂ ದಪ್ಪಗಳು 0, 0.5, 1, 2, 3, 4, 6, 8, 10, 15, 20, 30 ಮಿಮೀ ಇದ್ದರೆ ಸಾಕು, ಜೊತೆಗೆ ತಾಮ್ರ 0.2, 0.5, 1, 2 ಮಿಮೀ. ತೆಳುವಾದವು ಎಡಬದಿಯನ್ನು ಹೇಳುತ್ತವೆ, ಅವನ್ನು ಬಿಡಬೇಡಿ. ತಗಡಿನ ಮೇಲೆ ಬರೆದ ದಪ್ಪವನ್ನು ನಂಬುವುದು ಬೇಡ. ಮೈಕ್ರೋಮೀಟರಿಗಿಂತ ತೂಕ ಮೇಲು, ಯಾಕೆಂದರೆ ಅದು ತಗಡಿನ ಪೂರ್ತಿ ಹರವಿನ ಸರಾಸರಿ ಕೊಡುತ್ತದೆ. 100 ಮಿಮೀ ಚೌಕದ 1 ಮಿಮೀ ಅಲ್ಯೂಮಿನಿಯಂ 26.99 ಗ್ರಾಂ ತೂಗಬೇಕು. 26.4 ಗ್ರಾಂ ಬಂದರೆ ಅದು 0.978 ಮಿಮೀ, ಲೆಕ್ಕಕ್ಕೆ ಆ ಅಂಕಿಯನ್ನೇ ಹಾಕಿ. ಲೋಹದ ಶುದ್ಧತೆ ಇನ್ನೂ ದೊಡ್ಡ ವಿಷಯ. ಅಂಗಡಿಯಲ್ಲಿ ಸಿಗುವ ವಾಣಿಜ್ಯ ದರ್ಜೆಯ ತಗಡಿನಲ್ಲಿ ಕಬ್ಬಿಣ ಇರುತ್ತದೆ. ಬರೀ ಶೇ 0.5 ಕಬ್ಬಿಣವಿದ್ದರೂ 30 ಕೆಇವಿಯಲ್ಲಿ ಕ್ಷೀಣತಾ ಗುಣಾಂಕ ಸುಮಾರು ಶೇ 3 ಏರುತ್ತದೆ, 60 ಕೆಇವಿಯಲ್ಲಿ ಶೇ 2ರ ಒಳಗೆ. ಏರಿಕೆ ಎಲ್ಲ ಶಕ್ತಿಗಳಿಗೂ ಒಂದೇ ಆಗಿಲ್ಲದ ಕಾರಣ ದಪ್ಪವನ್ನು ಹೊಂದಿಸಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಶೇ 99.9 ಶುದ್ಧತೆಯದನ್ನೇ ತರಿಸಿ, ಅಥವಾ ಮಿಶ್ರಲೋಹದ ಸಂಯೋಜನೆ ತಿಳಿದು ಗುಣಾಂಕವನ್ನೇ ಹಾಗೆ ಲೆಕ್ಕ ಹಾಕಿ.

ಎಇಸಿ (ಎಕ್ಸ್‌ಪೋಶರನ್ನು ಯಂತ್ರವೇ ನಿಯಂತ್ರಿಸುವ ವ್ಯವಸ್ಥೆ) ಬಂದ್ ಮಾಡಿ, ಮ್ಯಾನುಯಲ್ ಮೋಡಿನಲ್ಲಿ ಕೆಲಸ ಮಾಡಿ. ಇಲ್ಲವಾದರೆ ಫಿಲ್ಟರ್ ಇಟ್ಟಷ್ಟೂ ಯಂತ್ರ ಎಂಎಎಸ್ (ಟ್ಯೂಬಿನ ಕರೆಂಟನ್ನು ಸಮಯದಿಂದ ಗುಣಿಸಿದ್ದು) ಏರಿಸಿ ನಿಮ್ಮ ಅಳತೆಯನ್ನು ಮಣ್ಣುಪಾಲು ಮಾಡುತ್ತದೆ. ಎಕ್ಸ್‌ಪೋಶರ್ 100 ಮಿಲಿಸೆಕೆಂಡಿಗಿಂತ ಕಡಿಮೆ ಬೇಡ, ವೋಲ್ಟೇಜು ಏರುವ ಇಳಿಯುವ ಕ್ಷಣಗಳ ಪಾಲು ದೊಡ್ಡದಾಗುತ್ತದೆ. 200 ಎಂಎ, 100 ಮಿಲಿಸೆಕೆಂಡ್, ಅಂದರೆ 20 ಎಂಎಎಸ್ ಒಳ್ಳೆಯ ಆರಂಭ. ದಪ್ಪ ಫಿಲ್ಟರಿಗೆ ಸಂಕೇತ ಸಾಲದೆ ಹೋದರೆ ಎಂಎ ಮುಟ್ಟದೆ ಸಮಯ ಹೆಚ್ಚಿಸಿ, ಎಂಎ ಬದಲಾದರೆ ಕೆವಿಯೂ ತುಸು ಕದಲಬಹುದು. ಮತ್ತು ಒಂದೆರಡು ದಪ್ಪಗಳನ್ನು ಎರಡೂ ಸಮಯಗಳಲ್ಲಿ ಅಳೆದು ಅನುಪಾತ ನೋಡಿಕೊಳ್ಳಿ. ಮೊದಲು ನಾಲ್ಕೈದು ಎಕ್ಸ್‌ಪೋಶರ್ ಕೊಟ್ಟು ಟ್ಯೂಬ್ ಬಿಸಿ ಮಾಡಿ. ಪ್ರತಿ ಫಿಲ್ಟರಿಗೆ ಐದು ಓದು. ಫಿಲ್ಟರ್ ಇಲ್ಲದ ಓದನ್ನು ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಮೂರು ಸಲ ತೆಗೆದುಕೊಳ್ಳಿ. ಮೂರರ ನಡುವೆ ಶೇ 1ಕ್ಕಿಂತ ಹೆಚ್ಚು ಅಂತರ ಬಂದರೆ ಆ ದಿನದ ಅಳತೆ ಬಿಟ್ಟುಬಿಡಿ. ಕಾಲಿಮೇಟರಿನ ಹತ್ತಿರ, ಫಿಲ್ಟರುಗಳಿಗಿಂತ ಮೊದಲೇ ಒಂದು ಮಾನಿಟರ್ ಚೇಂಬರ್ ಇಟ್ಟು ಪ್ರತಿ ಓದನ್ನೂ ಅದರಿಂದ ಭಾಗಿಸಿದರೆ ಔಟ್‌ಪುಟ್ ಏರಿಳಿತ ಬಹುಪಾಲು ಅಳಿಸಿಹೋಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಈ ಎರಡನೆಯ ಚೇಂಬರ್.

ತೆರೆದ ಅಯಾನ್ ಚೇಂಬರಿಗೆ ತಾಪ ಮತ್ತು ವಾಯುಭಾರದ ತಿದ್ದುಪಡಿ ಇರುತ್ತದಲ್ಲ, ಅದು ಅನುಪಾತದಲ್ಲಿ ರದ್ದಾಗುತ್ತದೆ, ಅಳತೆಯೆಲ್ಲ ಒಂದೇ ಕೂರಿಕೆಯಲ್ಲಿ ಮುಗಿದರೆ. ಆದರೆ ಅದೇ ಓದಿನಿಂದ ಡೋಸ್ ಕೂಡ ಹೇಳುವುದಾದರೆ ಮರೆಯಬಾರದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರ 910 ಹೆಕ್ಟೊಪ್ಯಾಸ್ಕಲ್ ಆಸುಪಾಸು, ತಿದ್ದುಪಡಿ ಶೇ 10ಕ್ಕೂ ಹೆಚ್ಚು. ಮಂಗಳೂರಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಸೆಮಿಕಂಡಕ್ಟರ್ ಮಲ್ಟಿಮೀಟರುಗಳ ಬಗ್ಗೆ ಎಚ್ಚರ. ಒಂದೇ ಎಕ್ಸ್‌ಪೋಶರಿನಲ್ಲಿ ಕೆವಿ, ಡೋಸ್, ಎಚ್‌ವಿಎಲ್ ಎಲ್ಲ ಹೇಳುವ ಈ ಉಪಕರಣಗಳು ಒಳಗೆ ತಾವೇ ಬೀಮಿನ ಗಡಸುತನ ಊಹಿಸಿ ಡೋಸನ್ನು ತಿದ್ದುತ್ತವೆ. ನೀವು 20 ಮಿಮೀ ಅಲ್ಯೂಮಿನಿಯಂ ಇಟ್ಟಾಗ ಆ ತಿದ್ದುಪಡಿಯೂ ಬದಲಾಗುತ್ತದೆ, ಅದರ ಸೂತ್ರ ನಿಮ್ಮ ಕೈಯಲ್ಲಿಲ್ಲ. ಕೆವಿ ನೋಡಲು ಅವು ಒಳ್ಳೆಯವು, ದಾಟುವಿಕೆಯ ಅಳತೆಗೆ ಅಯಾನ್ ಚೇಂಬರೇ ಸರಿ. ಚೇಂಬರಿನ ಬದಲು ಫ್ಲಾಟ್ ಪ್ಯಾನಲ್ (ಡಿಜಿಟಲ್ ಚಿತ್ರದ ಡಿಟೆಕ್ಟರ್) ಬಳಸುವುದಾದರೆ ರೋಗಿಗಳ ಚಿತ್ರಕ್ಕೆ ಬಳಸುವ ಸಂಸ್ಕರಣೆ ಬೇಡ, ಆಫ್‌ಸೆಟ್ ಕಳೆದ ಕಚ್ಚಾ ಚಿತ್ರ ಬೇಕು. ಫಿಲ್ಟರ್ ಇಲ್ಲದ ಚಿತ್ರದ ನಂತರ ತಕ್ಷಣ ದಪ್ಪ ಫಿಲ್ಟರಿನದು ತೆಗೆದರೆ ಹಿಂದಿನದರ ನೆರಳು ಉಳಿದಿರುತ್ತದೆ, ನಡುವೆ ಒಂದೆರಡು ನಿಮಿಷ ಬಿಡಿ.

ಲೆಕ್ಕಕ್ಕೆ ಬಂದಾಗ ಡಿಟೆಕ್ಟರಿನ ಸ್ಪಂದನೆ ಮರೆತವರೇ ಹೆಚ್ಚು. ಅಯಾನ್ ಚೇಂಬರ್ ಫೋಟಾನುಗಳನ್ನು ಎಣಿಸುವುದಿಲ್ಲ, ಗಾಳಿಗೆ ಬಿದ್ದ ಶಕ್ತಿಯನ್ನು ಅಳೆಯುತ್ತದೆ. 30 ಕೆಇವಿಯ ಒಂದು ಫೋಟಾನು ಅದರಲ್ಲಿ 60 ಕೆಇವಿಯದಕ್ಕಿಂತ ಎರಡೂವರೆ ಪಟ್ಟು ಸಂಕೇತ ಕೊಡುತ್ತದೆ. ಇದನ್ನು ಸೇರಿಸದಿದ್ದರೆ ಸ್ಪೆಕ್ಟ್ರಮ್ ಎಡಕ್ಕೆ ವಾಲಿಬಿಡುತ್ತದೆ. ಸೀಸಿಯಂ ಅಯೋಡೈಡಿನ ಪ್ಯಾನಲಿನಲ್ಲಿ ಅಯೋಡಿನ್ನಿನ 33.2 ಮತ್ತು ಸೀಸಿಯಮ್ಮಿನ 36.0 ಕೆಇವಿ ಅಂಚುಗಳಲ್ಲಿ ಸ್ಪಂದನೆ ಜಿಗಿಯುತ್ತದೆ, ಆ ಜಿಗಿತವನ್ನೂ ಮ್ಯಾಟ್ರಿಕ್ಸಿಗೆ ಹಾಕಬೇಕು.

ಕ್ಷೀಣತಾ ಗುಣಾಂಕಗಳನ್ನು ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ ಕೋಷ್ಟಕದಿಂದ ತೆಗೆದುಕೊಂಡು ನಡುವಿನ ಶಕ್ತಿಗಳಿಗೆ ಹೊಂದಿಸುವಾಗ ಒಂದು ಸಣ್ಣ ತಪ್ಪು ಪದೇ ಪದೇ ಆಗುತ್ತದೆ. ಅಲ್ಯೂಮಿನಿಯಮ್ಮಿಗೆ 20 ಕೆಇವಿಯಲ್ಲಿ 3.441, 30ರಲ್ಲಿ 1.128 (ಗ್ರಾಮಿಗೆ ಚದರ ಸೆಂಮೀ ಲೆಕ್ಕದಲ್ಲಿ). ಎರಡರ ನಡುವೆ ನೇರ ಗೆರೆ ಎಳೆದರೆ 25ಕ್ಕೆ 2.28 ಬರುತ್ತದೆ. ಎರಡೂ ಅಕ್ಷಗಳ ಲಾಗ್ ತೆಗೆದುಕೊಂಡು ಗೆರೆ ಎಳೆದರೆ 1.86, ಸರಿಯಾದದ್ದು ಇದರ ಹತ್ತಿರ. ಶೇ 20ಕ್ಕೂ ಮೀರಿದ ತಪ್ಪು ಒಂದೇ ಸಾಲಿನ ಕೋಡಿನಿಂದ!

ಮ್ಯಾಟ್ರಿಕ್ಸ್ ಸಿದ್ಧವಾದ ಮೇಲೆ ಎರಡು ದಾರಿಗಳಿವೆ. ಮೊದಲನೆಯದು ಮಾದರಿಯ ದಾರಿ. ಸ್ಪೆಕ್‌ಪೈಯಂಥ ಮಾದರಿಯಲ್ಲಿ ಕೆವಿ, ಅಲ್ಯೂಮಿನಿಯಂ ಸಮಾನ ಫಿಲ್ಟರ್ ದಪ್ಪ, ಹಳೆಯ ಟ್ಯೂಬಿಗಾಗಿ ಕೆಲವು ಮೈಕ್ರಾನ್ ಟಂಗ್‌ಸ್ಟನ್ ಪದರ ಈ ಮೂರನ್ನೇ ಬದಲಾಯಿಸುತ್ತ ಅಳತೆಗೆ ಹೊಂದಿಸುವುದು. ಅಳತೆಯಲ್ಲಿರುವ ಮಾಹಿತಿ ಮೂರು ನಾಲ್ಕು ಸಂಗತಿ, ಬದಲಾಗುವ ಅಂಕಿಗಳೂ ಮೂರು. ಲೆಕ್ಕ ಸರಿಹೋಗುತ್ತದೆ. ಹೆಚ್ಚಿನ ಆಸ್ಪತ್ರೆ ಕೆಲಸಕ್ಕೆ ಇದೇ ಸಾಕು, ಇದನ್ನೇ ನಾನು ಮೊದಲು ಮಾಡಿ ಎನ್ನುವುದು. ಕೆವಿಯನ್ನು ಬೇರೆ ಮೀಟರಿನಿಂದ ಅಳೆದು ಸ್ಥಿರವಾಗಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ಪ್ರತಿ ಪೆಟ್ಟಿಗೆಯನ್ನೂ ಸ್ವತಂತ್ರವಾಗಿ ಬಿಡುವ ಇಎಂ ವಿಧಾನ, ಅಂದರೆ ಎಕ್ಸ್‌ಪೆಕ್ಟೇಶನ್ ಮ್ಯಾಕ್ಸಿಮೈಸೇಶನ್. ಸಿಡ್ಕಿ ಮತ್ತು ಜೊತೆಗಾರರು 2005ರಲ್ಲಿ ಇದನ್ನು ಎಕ್ಸ್-ರೇ ಸ್ಪೆಕ್ಟ್ರಮ್ಮಿಗೆ ಅನ್ವಯಿಸಿ ತೋರಿಸಿದರು. ನಡೆಯುವುದು ಹೀಗೆ: ಈಗ ಕೈಯಲ್ಲಿರುವ ಊಹೆಯಿಂದ ಪ್ರತಿ ಫಿಲ್ಟರಿನ ಆಚೆ ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕುವುದು, ನಿಜವಾದ ಅಳತೆಯನ್ನು ಅದರಿಂದ ಭಾಗಿಸುವುದು, ಆ ಅನುಪಾತಗಳನ್ನು ಒಂದು ಶಕ್ತಿಯ ಕಾಲಮ್ಮಿನ ತೂಕದಲ್ಲಿ ಸರಾಸರಿ ಮಾಡಿ ಆ ಶಕ್ತಿಯ ಪೆಟ್ಟಿಗೆಯನ್ನು ಗುಣಿಸುವುದು. ಎಲ್ಲ ಶಕ್ತಿಗಳಿಗೂ ಹೀಗೆ ಮಾಡಿದರೆ ಒಂದು ಸುತ್ತು. ಗುಣಾಕಾರ ಮಾತ್ರ ಇರುವುದರಿಂದ ಋಣ ಸಂಖ್ಯೆ ಎಂದೂ ಬರುವುದಿಲ್ಲ. ಅದೇ ಕಾರಣಕ್ಕೆ ಆರಂಭದಲ್ಲಿ ಸೊನ್ನೆ ಇದ್ದ ಪೆಟ್ಟಿಗೆ ಕೊನೆಯವರೆಗೂ ಸೊನ್ನೆಯಾಗಿಯೇ ಉಳಿಯುತ್ತದೆ.

ಹಾಗಾಗಿ ಆರಂಭದ ಊಹೆಯೇ ಇಲ್ಲಿ ದೊಡ್ಡ ಪಾಲು. ಚಪ್ಪಟೆ ಗೆರೆಯಿಂದ ಶುರು ಮಾಡಿದರೆ ಬರುವುದು ನುಣುಪಾದ ಗುಡ್ಡ, 59 ಕೆಇವಿಯ ಮುಳ್ಳು ಅದರಲ್ಲಿ ಹುಟ್ಟುವುದಿಲ್ಲ. ಮಾದರಿಯ ಸ್ಪೆಕ್ಟ್ರಮ್ಮಿನಿಂದ, ಲಕ್ಷಣ ರೇಖೆಗಳ ಸಮೇತ ಶುರು ಮಾಡಿದರೆ ಉತ್ತರದಲ್ಲೂ ಅವು ಇರುತ್ತವೆ. ಚಿತ್ರ ನೋಡಿದವರು ಅಳತೆ ಮುಳ್ಳುಗಳನ್ನು ಕಂಡುಹಿಡಿಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ, ಅವು ಒಳಗೆ ಇಟ್ಟದ್ದು ಹೊರಗೆ ಬಂದಿರುವುದು. ಇದರಲ್ಲಿ ತಪ್ಪೇನಿಲ್ಲ, ಟಂಗ್‌ಸ್ಟನ್ನಿನ ರೇಖೆಗಳು ಎಲ್ಲಿವೆ ಎನ್ನುವುದು ನಮಗೆ ಯಾವ ತಗಡಿಗಿಂತಲೂ ಚೆನ್ನಾಗಿ ಗೊತ್ತು. ಆದರೆ ಬರೆಯುವಾಗ ಹಾಗೆಂದು ಹೇಳಬೇಕು. ಮಾದರಿಯ ದಾರಿಯಲ್ಲಿ ಸಿಕ್ಕ ಉತ್ತರವನ್ನೇ ಇಎಂನ ಆರಂಭವಾಗಿ ಇಡುವುದು ಉತ್ತಮ ಕ್ರಮ. ಆಗ ಇಎಂ ಮಾಡಬೇಕಾದ ತಿದ್ದುಪಡಿ ಸಣ್ಣದಾಗಿರುತ್ತದೆ, ದೊಡ್ಡ ತಿದ್ದುಪಡಿ ಕೇಳಿದರೆ ಅಳತೆಯಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ.

ಎಷ್ಟು ಸುತ್ತು? ಲೆಕ್ಕದ ಗೆರೆಗೂ ಅಳತೆಗೂ ಇರುವ ಅಂತರ ನಿಮ್ಮ ಐದು ಓದುಗಳ ಚದುರುವಿಕೆಯಷ್ಟಾದ ಕೂಡಲೇ ನಿಲ್ಲಿಸಿ. ಅದರಾಚೆ ಹೋದರೆ ಗದ್ದಲವನ್ನೇ ಹೊಂದಿಸಲು ತೊಡಗುತ್ತದೆ, ಸ್ಪೆಕ್ಟ್ರಮ್ಮಿನಲ್ಲಿ ಅಲೆಗಳೇಳುತ್ತವೆ. ಸಾವಿರ ಸುತ್ತಿಗೆ ಅಂತರ ಇನ್ನೂ ಕಡಿಮೆಯಾಯಿತು ಎಂದು ಹಿಗ್ಗುವುದು ತಪ್ಪು ದಾರಿ.

ಉತ್ತರದ ಆಕಾರದಿಂದಲೇ ರೋಗ ಹಿಡಿಯಬಹುದಾದ ಕೆಲವು ಗುರುತುಗಳಿವೆ. ಬಲತುದಿಯ ಕೊನೆಯ ಎರಡು ಮೂರು ಪೆಟ್ಟಿಗೆಗಳಲ್ಲಿ ದಿಢೀರ್ ಉಬ್ಬು ಕಂಡರೆ ನಿಜವಾದ ಕೆವಿ ನೀವು ಇಟ್ಟ ಗಡಿಗಿಂತ ಹೆಚ್ಚಿದೆ. ಆ ಫೋಟಾನುಗಳಿಗೆ ಜಾಗ ಸಿಗದೆ ಗೋಡೆಗೆ ಒತ್ತಿ ನಿಂತಿವೆ. ಚದುರಿದ ಕಿರಣವೂ ಇದೇ ಉಬ್ಬು ತರುತ್ತದೆ. ಕೆವಿ ಮೀಟರ್ ಸರಿಯೆಂದರೆ ಫಿಲ್ಟರನ್ನು 20 ಸೆಂಮೀ ಟ್ಯೂಬಿನ ಕಡೆ ಸರಿಸಿ ಮತ್ತೆ ಅಳೆಯಿರಿ, ಓದು ಇಳಿದರೆ ಅಪರಾಧಿ ಚದುರುವಿಕೆ. ಎಡಗಡೆ 15 ಕೆಇವಿಯ ಕೆಳಗೆ ಬಾಲ ಬೆಳೆದಿದ್ದರೆ ತೆಳು ತಗಡಿನ ದಪ್ಪವನ್ನೋ ಫಿಲ್ಟರ್ ಇಲ್ಲದ ಓದನ್ನೋ ಅನುಮಾನಿಸಿ. 35ರ ಸುತ್ತ ಹಳ್ಳ ಬಿದ್ದರೆ ಸೀಸಿಯಂ ಅಯೋಡೈಡಿನ ಸ್ಪಂದನೆ ನೋಡಿಕೊಳ್ಳಿ.

ಪರೀಕ್ಷೆಗೆ ಅತಿ ಪ್ರಾಮಾಣಿಕ ವಿಧಾನ ಮೂರು ಅಳತೆಗಳನ್ನು ಲೆಕ್ಕಕ್ಕೆ ಕೊಡದೆ ಬಚ್ಚಿಡುವುದು: ಒಂದು ತೆಳು ಅಲ್ಯೂಮಿನಿಯಂ, ಒಂದು ದಪ್ಪದ್ದು, ಒಂದು ತಾಮ್ರ. ಬಂದ ಸ್ಪೆಕ್ಟ್ರಮ್ ಆ ಮೂರನ್ನೂ ಶೇ 1ರ ಒಳಗೆ ಮುಂದಾಗಿ ಹೇಳಬೇಕು. ಮೊದಲ ಮತ್ತು ಎರಡನೆಯ ಎಚ್‌ವಿಎಲ್ ಎರಡನ್ನೂ ಹೋಲಿಸಿ (ಎರಡನೆಯದೆಂದರೆ ಉಳಿದ ಅರ್ಧವನ್ನು ಮತ್ತೆ ಅರ್ಧಕ್ಕಿಳಿಸುವ ದಪ್ಪ). ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ (ಐಇಸಿ) ಮಾನದಂಡದ 2008ರ ಆವೃತ್ತಿಯಂತೆ 80 ಕೆವಿಗೆ ಮೊದಲ ಎಚ್‌ವಿಎಲ್ ಕನಿಷ್ಠ 2.9 ಮಿಮೀ ಅಲ್ಯೂಮಿನಿಯಂ ಇರಬೇಕು. ನಿಮ್ಮ ಸ್ಪೆಕ್ಟ್ರಮ್ 2.3 ಎಂದು ಹೇಳಿದರೆ ಹಳೆಯ ಯಂತ್ರವಾಗಿರಬೇಕು, ಇಲ್ಲವೇ ಟ್ಯೂಬಿನ ಫಿಲ್ಟರನ್ನು ಯಾರೋ ತೆಗೆದು ಮತ್ತೆ ಹಾಕಿಲ್ಲ, ಇಲ್ಲವೇ ಲೆಕ್ಕ ತಪ್ಪಿದೆ. ಎರಡನೆಯದಾಗಿದ್ದರೆ ರೋಗಿಗಳ ಚರ್ಮಕ್ಕೆ ಬೇಡದ ಡೋಸ್ ಬೀಳುತ್ತಿದೆ ಎಂದರ್ಥ, ಅದನ್ನು ಅವತ್ತೇ ಸರಿಪಡಿಸಬೇಕು.

ನೇರ ಅಳತೆಗೆ ಕ್ಯಾಡ್ಮಿಯಂ ಟೆಲ್ಯುರೈಡ್ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಅದು ಪ್ರತಿ ಫೋಟಾನನ್ನೂ ಬೇರೆಯಾಗಿ ಎಣಿಸುತ್ತದೆ, ತೊಂದರೆಯೂ ಅದೇ. 1 ಮೀಟರ್ ದೂರದಲ್ಲಿ ಒಂದು ಎಂಎಎಸ್ಸಿಗೆ ಚದರ ಮಿಲಿಮೀಟರಿಗೆ ಬೀಳುವ ಫೋಟಾನುಗಳು ಹತ್ತು ಲಕ್ಷದ ಮಟ್ಟದಲ್ಲಿರುತ್ತವೆ. 100 ಮೈಕ್ರಾನ್ ತೂತಿನ ಟಂಗ್‌ಸ್ಟನ್ ಕಾಲಿಮೇಟರ್ ಇಟ್ಟರೆ ಅದರಲ್ಲಿ ಸುಮಾರು 8000 ಒಳಗೆ ಬರುತ್ತವೆ. 1 ಎಂಎ ಇದ್ದರೆ ಸೆಕೆಂಡಿಗೆ ಅಷ್ಟು, ಸರಿ. 100 ಎಂಎ ಇಟ್ಟರೆ ಎಂಟು ಲಕ್ಷ, ಎರಡು ಫೋಟಾನು ಒಟ್ಟಿಗೆ ಬಂದು ಒಂದಾಗಿ ಎಣಿಕೆಯಾಗುತ್ತವೆ. ಕೆವಿಯ ಗಡಿಗಿಂತ ಮೇಲೆ ಎಣಿಕೆ ಕಂಡರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. ತೂತು, ಫೋಕಸ್ಸು, ಡಿಟೆಕ್ಟರಿನ ನಡುಬಿಂದು ಮೂರೂ ಒಂದೇ ಗೆರೆಯಲ್ಲಿ ಕೂರಬೇಕು, ಲೇಸರ್ ಇಟ್ಟು ಹೊಂದಿಸಲು ಅರ್ಧ ದಿನ ಬೇಕು. ಶಕ್ತಿಯ ಅಳತೆಗೋಲಿಗೆ ಅಮೆರಿಷಿಯಂ-241ರ 59.5 ಮತ್ತು ಕೋಬಾಲ್ಟ್-57ರ 122.1 ಕೆಇವಿ ರೇಖೆಗಳು ಸಾಕು. ಕಚ್ಚಾ ಎಣಿಕೆಯೇ ಸ್ಪೆಕ್ಟ್ರಮ್ ಅಲ್ಲ. ಕ್ಯಾಡ್ಮಿಯಂ, ಟೆಲ್ಯುರಿಯಂಗಳ ರೇಖೆಗಳು ಹರಳಿನಿಂದ ತಪ್ಪಿಸಿಕೊಂಡಾಗ ಒಳಬಂದ ಫೋಟಾನಿನ ಶಕ್ತಿ 23 ಅಥವಾ 27 ಕೆಇವಿಯಷ್ಟು ಕಡಿಮೆಯಾಗಿ ದಾಖಲಾಗುತ್ತದೆ, ಅದನ್ನು ಬಿಡಿಸಿ ತೆಗೆಯಬೇಕು. ಎಂಎ ಇಳಿಸಲಾಗದ ಯಂತ್ರಗಳಿಗೆ ಒಂದು ಪ್ಲಾಸ್ಟಿಕ್ ಕಡ್ಡಿಯಿಂದ 90 ಡಿಗ್ರಿಗೆ ಚದುರಿದ್ದನ್ನು ಅಳೆದು ಕಾಂಪ್ಟನ್ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕುವ ದಾರಿಯಿದೆ. ಅಲ್ಲಿ 100 ಕೆಇವಿ ಫೋಟಾನು 83.6 ಆಗಿ ಬರುತ್ತದೆ, ರೇಖೆಗಳು ಅಗಲವಾಗಿ ಮಸುಕಾಗುತ್ತವೆ.

ಸಿಟಿಯಲ್ಲಿ ಟ್ಯೂಬನ್ನು ಒಂದೆಡೆ ನಿಲ್ಲಿಸುವ ಸರ್ವಿಸ್ ಮೋಡ್ ಸಿಕ್ಕರೆ ಇದೇ ಕ್ರಮ ನಡೆಯುತ್ತದೆ, ಚೇಂಬರ್ ನಡುಬಿಂದುವಿನಲ್ಲಿರಬೇಕು. ಅಂಚಿನತ್ತ ದಪ್ಪವಾಗುವ ಬೋಟೈ ಫಿಲ್ಟರ್ ಇರುವುದರಿಂದ ಬೀಸಣಿಗೆಯಂತೆ ಹರಡಿದ ಬೀಮಿನ ಅಂಚಿಗೆ ಹೋದಂತೆ ಸ್ಪೆಕ್ಟ್ರಮ್ ಬದಲಾಗುತ್ತದೆ, ನಡುವಿನದೊಂದನ್ನೇ ಎಲ್ಲ ಕೋನಗಳಿಗೂ ಬಳಸಿದರೆ ಹಾರ್ಡನಿಂಗ್ ತಿದ್ದುಪಡಿ ಅಂಚಿನಲ್ಲಿ ಕೈಕೊಡುತ್ತದೆ.

ಸ್ಪೆಕ್ಟ್ರಮ್ ಫೈಲಿನ ಜೊತೆ ಆರಂಭದ ಊಹೆಯ ಫೈಲನ್ನೂ ಇಡಿ. ತಗಡುಗಳ ತೂಕ, ಕೆವಿ ಮೀಟರಿನ ಓದು, ಸುತ್ತುಗಳ ಸಂಖ್ಯೆ, ಬಚ್ಚಿಟ್ಟ ಮೂರು ಅಳತೆಗಳ ಫಲಿತಾಂಶ, ಆನೋಡ್-ಕ್ಯಾಥೋಡ್ ಅಕ್ಷದಲ್ಲಿ ಚೇಂಬರ್ ಇದ್ದ ಜಾಗ ಇವೂ ಇರಲಿ. ಟ್ಯೂಬ್ ಬದಲಾದರೆ ಹಳೆಯ ಫೈಲನ್ನು ಪಕ್ಕಕ್ಕಿಟ್ಟು ಪೂರ್ತಿ ಅಳೆಯಿರಿ. ಟ್ಯೂಬ್ ಅದೇ ಇದ್ದರೆ ವರ್ಷಕ್ಕೊಮ್ಮೆ 0, 3, 10 ಮಿಮೀ ಅಲ್ಯೂಮಿನಿಯಂ ಮತ್ತು 1 ಮಿಮೀ ತಾಮ್ರ, ಈ ನಾಲ್ಕನ್ನು ಮಾತ್ರ ಅಳೆದು ಫೈಲಿನ ಸ್ಪೆಕ್ಟ್ರಮ್ ಅವನ್ನು ಇನ್ನೂ ಶೇ 1ರ ಒಳಗೆ ಹೇಳುತ್ತದೆಯೇ ನೋಡಿದರೆ ಸಾಕು.